ಬಲೆ ಎಳೆದ ಮರುದಿನ ತೇಲಿದ ಕಾಟ್ಲಾ: ವಿಷ ಅನ್ನುವ ಮೊದಲು ಇದನ್ನು ಓದಿ

ಅಣ್ಣಾ, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಭಾನುವಾರ ಕೃಷಿ ಹೊಂಡಕ್ಕೆ ಮೂರು ಸಲ ಬಲೆ ಎಳೆಸಿದ್ದೀರಿ. ಮೂರನೇ ಸಲಕ್ಕೆ ಮಧ್ಯಾಹ್ನ ಎರಡು ಗಂಟೆ ಆಗಿತ್ತು. ವ್ಯಾಪಾರಿ ಒಂದು ಕೆಜಿ ದಾಟಿದ್ದು ಮಾತ್ರ ಸಾಕು ಅಂದ. ಉಳಿದದ್ದನ್ನು ದಂಡೆಯ ಮೇಲೆ ತೂಗಿ ವಾಪಸ್ ಬಿಟ್ಟಿರಿ. ಸಂಜೆವರೆಗೂ ಎಲ್ಲ ಸರಿ. ಬೆಳಗಾಗುವಾಗ ನಲವತ್ತು ಕಾಟ್ಲಾ ಮೀನು ಸತ್ತು ತೇಲುತ್ತಿದ್ದವು. ಕೆಳಗೆ ಅರ್ಧ ಜನ ‘ಯಾರೋ ವಿಷ ಹಾಕಿದ್ದಾರೆ’ ಅಂತ ಬರೆದಿದ್ದಾರೆ. ಪಕ್ಕದ ಜಮೀನಿನವರ ಮೇಲೆ ಜಗಳಕ್ಕೆ ಹೋಗಬೇಡಿ, ಸ್ವಲ್ಪ ತಡೆಯಿರಿ.

ಅದೇ ಬೋರ್‌ವೆಲ್ ನೀರು ಹೋಗುವ ನಿಮ್ಮ ಎರಡನೇ ಹೊಂಡದಲ್ಲಿ ಒಂದು ಮೀನೂ ಸತ್ತಿಲ್ಲ. ಅಲ್ಲಿ ಬಲೆ ಹಾಕಿಲ್ಲ. ಸತ್ತ ಹೊಂಡದಲ್ಲೂ ಕಪ್ಪೆ, ಸಣ್ಣ ಮರಿ ಎಲ್ಲ ಚೆನ್ನಾಗಿವೆ ಅಂತ ನೀವೇ ಬರೆದಿದ್ದೀರಿ. ವಿಷ ಆಗಿದ್ದರೆ ಕಾಟ್ಲಾವನ್ನೇ ಆರಿಸಿ ಕೊಲ್ಲುತ್ತಿತ್ತಾ? ನನ್ನ ಲೆಕ್ಕದಲ್ಲಿ ಈ ಮೀನುಗಳು ಓಡಿ ಓಡಿ ಸತ್ತಿವೆ.

ಮುಂದಿನ ಸಲ ಮನೆಯಲ್ಲಿ ರೋಹು ಹೆಚ್ಚುವಾಗ ಒಂದು ತುಂಡು ಕೈಯಲ್ಲಿ ಹಿಡಿದು ನೋಡಿ. ಪಕ್ಕೆಯ ನಡುವೆ, ಚರ್ಮದ ಒಳಗೇ, ಕಂದುಗೆಂಪಿನ ಒಂದು ತೆಳು ಪಟ್ಟಿ ಇರುತ್ತದೆ. ಉಳಿದದ್ದೆಲ್ಲ ಬಿಳಿ. ಮೀನಿಗೆ ಇವು ಎರಡು ಬೇರೆ ಬೇರೆ ಎಂಜಿನ್ ಇದ್ದ ಹಾಗೆ. ಸುಮ್ನೆ ಅತ್ತಿತ್ತ ಓಡಾಡುವಾಗ ಕೆಲಸ ಮಾಡುವುದು ಆ ಕೆಂಪು ಪಟ್ಟಿ ಮಾತ್ರ. ಅದು ರಕ್ತದಿಂದ ಆಮ್ಲಜನಕ ತಗೊಂಡು ಕೊಬ್ಬು ಸುಡುತ್ತದೆ, ದಿನವಿಡೀ ದಣಿಯುವುದಿಲ್ಲ. ಸಮುದ್ರದಲ್ಲಿ ಸದಾ ಈಜುವ ಬಂಗುಡೆಯಲ್ಲಿ ಈ ಕಪ್ಪು ಮಾಂಸ ಎಷ್ಟೊಂದು ಇರುತ್ತದೆ, ತಿಂದವರಿಗೆ ಗೊತ್ತು. ನಮ್ಮ ಹೊಂಡದ ಗೆಂಡೆ ಜಾತಿಗೆ (ಕಾಟ್ಲಾ, ರೋಹು, ಮೃಗಾಲ್) ಅಷ್ಟು ಬೇಕಿಲ್ಲ.

ಬಿಳಿ ಮಾಂಸ ಇರುವುದು ಪ್ರಾಣ ಉಳಿಸಿಕೊಳ್ಳುವ ಓಟಕ್ಕೆ. ಬೆಂದ ಮೀನು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ ಅಲ್ವಾ, ಅದರ ಒಂದೊಂದು ಪದರವೂ ಒಂದೊಂದು ಸ್ನಾಯು. ಒಂದು ಪಕ್ಕದವು ತಲೆಯಿಂದ ಬಾಲದ ಕಡೆಗೆ ಸಾಲಾಗಿ ಬಿಗಿಯುತ್ತವೆ, ಹಿಂದೆಯೇ ಇನ್ನೊಂದು ಪಕ್ಕದವು. ಮೈಯಲ್ಲಿ ಅಲೆ ಎದ್ದು ಬಾಲಕ್ಕೆ ಹೋಗಿ ನೀರನ್ನು ಹಿಂದಕ್ಕೆ ತಳ್ಳುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಅದರಲ್ಲಿ ವೇಗ ಎರಡು ಪಟ್ಟು ಮಾಡಬೇಕಾದರೆ ಪ್ರತಿ ಸೆಕೆಂಡಿಗೆ ಸುಮಾರು ಎಂಟು ಪಟ್ಟು ಶಕ್ತಿ ಸುರಿಯಬೇಕು. ಅಷ್ಟು ಆಮ್ಲಜನಕ ಎಲ್ಲಿಂದ ಬರಬೇಕು? ಒಂದು ಲೀಟರ್ ಗಾಳಿಯಲ್ಲಿ 250 ಮಿಲಿಗ್ರಾಂಗಿಂತ ಜಾಸ್ತಿ ಆಮ್ಲಜನಕ ಇದ್ದರೆ, 30 ಡಿಗ್ರಿ ಬಿಸಿಯ ಒಂದು ಲೀಟರ್ ನೀರು ಗಾಳಿಯಿಂದ ಹೀರಿ ಹಿಡಿದಿಟ್ಟುಕೊಳ್ಳುವುದು ಏಳೂವರೆ ಮಿಲಿಗ್ರಾಂ ಅಷ್ಟೇ. ಹಾಗಾಗಿ ಬಿಳಿ ಮಾಂಸ ಆಮ್ಲಜನಕಕ್ಕೆ ಕಾಯುವುದೇ ಇಲ್ಲ. ಒಳಗೆ ಕೂಡಿಟ್ಟ ಸಕ್ಕರೆಯನ್ನು ಹಾಗೇ ಒಡೆದು ಖರ್ಚು ಮಾಡುತ್ತದೆ. ಕೆಲವೇ ನಿಮಿಷದಲ್ಲಿ ದಾಸ್ತಾನು ಖಾಲಿ, ಮೈಯೆಲ್ಲ ಆಮ್ಲ.

ಇದು ಸಾಲ ಮಾಡಿ ಓಡಿದ ಹಾಗೆ. ತೀರಿಸುವುದಕ್ಕೆ ಗಂಟೆಗಟ್ಟಲೆ ಬೇಕು, ಅದಕ್ಕೆ ನೀರಿನಲ್ಲಿ ಆಮ್ಲಜನಕವೂ ಬೇಕು. ಕೆನಡಾದಲ್ಲಿ 1983ರಲ್ಲಿ ರೇನ್‌ಬೋ ಟ್ರೌಟ್ ಮೀನನ್ನು ಆರು ನಿಮಿಷ ಬಿಡದೆ ಓಡಿಸಿ ನೋಡಿದ್ದರು. ಸತ್ತವುಗಳಲ್ಲಿ ಹೆಚ್ಚಿನವು ಸತ್ತದ್ದು ಓಟ ಮುಗಿದು ಹಲವು ಗಂಟೆ ಆದ ಮೇಲೆ. ನಿಮ್ಮ ಹೊಂಡದ ಕಥೆಯೂ ಅದೇ. ಮಧ್ಯಾಹ್ನದ ಸಾಲ ತೀರುವ ಮೊದಲೇ ಕತ್ತಲಾಯಿತು. ರಾತ್ರಿ ಪಾಚಿ ಆಮ್ಲಜನಕ ಕೊಡುವುದಿಲ್ಲ, ತಾನೇ ಎಳೆದುಕೊಳ್ಳುತ್ತದೆ. ಬಲೆ ಕೆದಕಿದ ಕೆಸರೂ ಎಳೆದುಕೊಂಡಿರುತ್ತದೆ. ಬೆಳಗಿನ ಜಾವಕ್ಕೆ ಹೊಂಡದಲ್ಲಿ ಆಮ್ಲಜನಕ ತಳ ಕಂಡಿರುತ್ತದೆ.

ಕಾಟ್ಲಾವೇ ಯಾಕೆ? ಮೃಗಾಲ್ ಬಲೆಯ ಅಡಿಹಗ್ಗದ ಕೆಳಗೆ ಕೆಸರಿನಲ್ಲಿ ನುಸುಳುತ್ತದೆ. ರೋಹು ಮೇಲಿನಿಂದ ಹಾರುತ್ತದೆ. ಕಾಟ್ಲಾ ಮೇಲು ನೀರಿನ ಮೀನು, ಮೂರೂ ಸಲ ಬಲೆಯ ಎದುರು ಅದೇ ಓಡಿರುತ್ತದೆ. ದೊಡ್ಡ ಮೀನು ತನ್ನ ಓಟದಲ್ಲಿ ಮಾಡುವ ಸಾಲವೂ ಸಣ್ಣದಕ್ಕಿಂತ ದೊಡ್ಡದು.

ಆದರೆ ಬಲೆಗಿಂತ ನನಗೆ ಜಾಸ್ತಿ ಅನುಮಾನ ಇರುವುದು ನಿಮ್ಮ ತಕ್ಕಡಿಯ ಮೇಲೆ. ಕೆನಡಾದಲ್ಲೇ 1992ರಲ್ಲಿ ಇನ್ನೊಂದು ಪರೀಕ್ಷೆ ಮಾಡಿದರು, ಅದೂ ಟ್ರೌಟ್ ಮೇಲೆ. ಓಡಿಸಿ ಸುಸ್ತು ಮಾಡಿ ನೀರಿನಲ್ಲೇ ಬಿಟ್ಟವುಗಳಲ್ಲಿ ನೂರಕ್ಕೆ 12 ಸತ್ತವು. ಸುಸ್ತಾದ ಮೇಲೆ ಬರೀ 30 ಸೆಕೆಂಡ್ ಗಾಳಿಯಲ್ಲಿ ಹಿಡಿದರೆ 38. ಒಂದು ನಿಮಿಷ ಹಿಡಿದರೆ 72! ಟ್ರೌಟ್ ತಣ್ಣೀರಿನ ಮೀನು, ನಮ್ಮ ಗೆಂಡೆಗಳು ಗಟ್ಟಿ, ಇದೇ ಲೆಕ್ಕ ಇಲ್ಲಿ ಬರುವುದಿಲ್ಲ. ಕಾರಣ ಮಾತ್ರ ಅದೇ. ನೀರಿನಿಂದ ಹೊರಗೆ ಕಿವಿರಿನ ಎಳೆಗಳು ಒದ್ದೆ ಕೂದಲಿನ ಹಾಗೆ ಅಂಟಿಕೊಳ್ಳುತ್ತವೆ. ಉಸಿರು ಅತ್ಯಂತ ಬೇಕಾದ ಹೊತ್ತಲ್ಲೇ ಉಸಿರು ಕಟ್ಟಿದ ಹಾಗೆ. ನಾನೂ ಮೊದಲ ವರ್ಷ ನೆಂಟರಿಗೆ ತೋರಿಸುವುದಕ್ಕೆ ಅಂತ ದೊಡ್ಡ ಮೀನು ಎತ್ತಿ ಎತ್ತಿ ಫೋಟೋ ತೆಗೆಸಿಕೊಂಡವನು. ಫೋಟೋದಲ್ಲಿ ಇದ್ದವು ಒಂದೂ ಉಳಿಯಲಿಲ್ಲ.

ಮುಂದಿನ ಸಲಕ್ಕೆ ಹೀಗೆ ಮಾಡಿ. ವ್ಯಾಪಾರಿಗೆ ಬೇಕಾದ ಗಾತ್ರ ಮೊದಲೇ ಕೇಳಿ, ಅದಕ್ಕೆ ತಕ್ಕ ದೊಡ್ಡ ಕಣ್ಣಿನ ಬಲೆ ತರಿಸಿ. ಸಣ್ಣವು ತಾವೇ ದಾಟಿಹೋಗುತ್ತವೆ, ಆರಿಸುವ ಕೆಲಸವೇ ಇಲ್ಲ. ಹಿಂದಿನ ದಿನ ಮೇವು ನಿಲ್ಲಿಸಿ. ಊಟ ಅರಗಿಸುವುದಕ್ಕೂ ಆಮ್ಲಜನಕ ಖರ್ಚಾಗುತ್ತದೆ. ತಂಪು ಅಂತ ಕೆಲವರು ನಸುಕಿನಲ್ಲೇ ಬಲೆ ಇಳಿಸುತ್ತಾರೆ. ಏರಿಯೇಟರ್ (ನೀರಿಗೆ ಗಾಳಿ ಸೇರಿಸುವ ಯಂತ್ರ) ಇಲ್ಲದ ಹೊಂಡದಲ್ಲಿ ಅದು ತಪ್ಪು, ಅದೇ ಆಮ್ಲಜನಕ ಅತಿ ಕಡಿಮೆ ಇರುವ ಹೊತ್ತು. ಬಿಸಿಲು ಬಿದ್ದು ಒಂದೆರಡು ಗಂಟೆ ಆಗಲಿ, ಹತ್ತರೊಳಗೆ ಮುಗಿಸಿ. ಮೋಡ ಕವಿದ ದಿನ ಬೇಡವೇ ಬೇಡ. ದಿನಕ್ಕೆ ಒಂದೇ ಎಳೆತ. ತೂಗಲೇಬೇಕಾದರೆ ಬಕೆಟ್ಟಿಗೆ ನೀರು ತುಂಬಿ, ಆ ತೂಕ ಕಳೆದು, ನೀರಿನಲ್ಲೇ ತೂಗಿ.

ಬಿಟ್ಟ ಮೀನನ್ನು ಹಾಪಾದಲ್ಲಿ (ನೀರೊಳಗೆ ಕಟ್ಟುವ ಬಲೆಯ ತೊಟ್ಟಿ) ಒತ್ತೊತ್ತಾಗಿ ಇಡಬೇಡಿ. ದಣಿದ ಮೀನು ನಿಂತ ನೀರಿಗಿಂತ ನಿಧಾನ ಹರಿಯುವ ನೀರಲ್ಲಿ ಮೆಲ್ಲಗೆ ಈಜುತ್ತಿದ್ದರೆ ಬೇಗ ಚೇತರಿಸಿಕೊಳ್ಳುತ್ತದೆ, ಇದನ್ನೂ ಟ್ರೌಟ್‌ನಲ್ಲಿ ನೋಡಿದ್ದಾರೆ. ಆ ಇಡೀ ರಾತ್ರಿ ಏರಿಯೇಟರ್ ಓಡಲಿ. ಇಲ್ಲದಿದ್ದರೆ ಬೋರ್‌ವೆಲ್ ನೀರನ್ನು ಎತ್ತರದಿಂದ ಸಿಡಿಸಿ ಬಿಡಿ. ನೇರ ಪೈಪ್ ಮುಳುಗಿಸಿದರೆ ಪ್ರಯೋಜನ ಕಡಿಮೆ, ನೆಲದಾಳದ ನೀರಿನಲ್ಲಿ ಆಮ್ಲಜನಕ ಅಷ್ಟಕ್ಕಷ್ಟೇ. ಟ್ಯಾಂಕಿನಲ್ಲಿ ಜೀವಂತ ಸಾಗಿಸುವುದಾದರೆ 1000 ಲೀಟರ್ ನೀರಿಗೆ 3 ಕೆಜಿ ಕಲ್ಲುಪ್ಪು ಹಾಕಿ. ಸುಸ್ತಾದ ಮೀನಿನ ಮೈಯ ಉಪ್ಪು ಕಿವಿರಿನ ಮೂಲಕ ಸೋರುತ್ತದೆ, ಅದಕ್ಕೆ ತಡೆ.

ಸತ್ತವನ್ನು ಇವತ್ತೇ ಎತ್ತಿ ಹೂತುಬಿಡಿ. ನಾಳೆವರೆಗೆ ಮೇವು ಬೇಡ. ಉಳಿದ ಕಾಟ್ಲಾದಲ್ಲಿ ಪೊರೆ ಉದುರಿದ್ದು, ಕೆಂಪು ಗೀರು ಕಂಡರೆ ಫೋಟೋ ಹಾಕಿ, ನೋಡೋಣ. ಫೋಟೋ ನೀರಿನಲ್ಲೇ ತೆಗೆಯಿರಿ, ಎತ್ತಬೇಡಿ.