ಸಮೀಕ್ಷೆಗೆ ಕೊಟ್ಟ ಆರೋಗ್ಯ ಮಾಹಿತಿ ಕಂಪನಿಯ ಕೈಸೇರಿದರೆ ಸಂಘ ಏನು ಮಾಡಬಹುದು?

ಸಕ್ಕರೆ ಕಾಯಿಲೆಯ ಸಮೀಕ್ಷೆಗೆಂದು ನಿಮ್ಮ ಸಂಘದ ಮನೆಗಳವರು ಕೊಟ್ಟ ಮಾಹಿತಿ ಕಂಪನಿಯೊಂದಕ್ಕೆ ಹೋಗಿದ್ದರೆ, ಒಪ್ಪಿಗೆ ಪತ್ರದಲ್ಲಿನ ‘ಮುಂದಿನ ಸಂಶೋಧನೆಗೂ ಬಳಸಬಹುದು’ ಎಂಬಂಥ ಸಾಲೇ ಅದಕ್ಕೆ ಕಾರಣವಾಗಿರುವ ಸಾಧ್ಯತೆ ಹೆಚ್ಚು. ನಮ್ಮ ಪತ್ರದಲ್ಲಿ ಅದು ಎರಡನೇ ಪುಟದ ತುದಿಯಲ್ಲಿ, ಸಹಿಯ ಗೆರೆಗೆ ತಾಗಿಕೊಂಡೇ ಇತ್ತು. ನಿಮ್ಮದನ್ನು ನೋಡದೆ ಖಚಿತವಾಗಿ ಹೇಳಲಾಗದು, ಆದ್ದರಿಂದ ಮೊದಲು ಅದರ ಪ್ರತಿಯನ್ನು ಪಡೆಯಿರಿ. ಬಳಿಕ ಸಭೆ ಕರೆದು, ಯಾವ ಬಳಕೆಗೆ ಒಪ್ಪಿಗೆಯಿದೆ, ಯಾವುದಕ್ಕಿಲ್ಲ ಎಂಬುದನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ಒಬ್ಬೊಬ್ಬರೇ ಹೋಗಿ ಕೇಳಿದರೆ ಉತ್ತರ ಸಿಗುವುದು ಅಪರೂಪ. ಆ ನಿರ್ಣಯವನ್ನು ಸಂಶೋಧಕರಿಗಷ್ಟೇ ಕೊಡದೆ ಸಮೀಕ್ಷೆ ನಡೆಸಿದ ಸಂಸ್ಥೆಯ ಎಥಿಕ್ಸ್ ಕಮಿಟಿಗೂ (ಸಂಶೋಧನೆ ನೈತಿಕವಾಗಿದೆಯೇ ಎಂದು ಪರಿಶೀಲಿಸುವ ಸಮಿತಿ) ಕಳುಹಿಸಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಸಮುದಾಯ ಸಲಹಾ ಮಂಡಳಿಯ, ಅಂದರೆ ಸಂಶೋಧನೆಯ ಬಗ್ಗೆ ಸಮುದಾಯದ ಪರವಾಗಿ ಸಲಹೆ ಕೊಡುವ ಗುಂಪಿನ, ಪ್ರಸ್ತಾಪವಿರುವುದರಿಂದ, ಅಂಥದ್ದೊಂದನ್ನು ರಚಿಸಿ ನಿಮ್ಮವರಿಗೆ ಸ್ಥಾನ ಕೊಡುವಂತೆ ಆ ನಿರ್ಣಯದೊಂದಿಗೆ ಕಳುಹಿಸುವ ಪತ್ರದಲ್ಲೇ ಕೇಳಿ. ಅಮೆರಿಕದ ಹವಸುಪಾಯಿ ಬುಡಕಟ್ಟಿನವರು ಮಧುಮೇಹದ ಅಧ್ಯಯನಕ್ಕೆಂದು ಕೊಟ್ಟ ರಕ್ತ ಬೇರೆ ಸಂಶೋಧನೆಗಳಿಗೂ ಬಳಕೆಯಾದಾಗ, ಅವರು ಒಟ್ಟಾಗಿ ದಾವೆ ಹೂಡಿ, 2010ರ ರಾಜಿಯಲ್ಲಿ ಉಳಿದ ಮಾದರಿಗಳನ್ನು ಹಿಂಪಡೆದರು. ಹೆಸರುಗಳನ್ನು ತೆಗೆದು ಮಾಹಿತಿಯನ್ನು ಈಗಾಗಲೇ ಬೇರೆಯದರೊಡನೆ ಬೆರೆಸಿದ್ದರೆ ಹಿಂಪಡೆಯುವುದು ಕಷ್ಟ. ಹಾಗಾಗಿ ಮುಂದಿನ ಹಂಚಿಕೆಯನ್ನು ನಿಲ್ಲಿಸಬೇಕೆಂಬ ಬೇಡಿಕೆಯನ್ನು ಆ ಮೊದಲ ಪತ್ರದಲ್ಲೇ ಸೇರಿಸಿ, ದಿನಾಂಕ ನಮೂದಿಸಿ ಲಿಖಿತ ಉತ್ತರ ಕೇಳಿ.