ಹಾಲೋ ಬಂದು ಎಫ್1 ಸಪ್ಪೆ ಆಯ್ತಾ? (ಉದ್ದ ಉತ್ತರ, ಪುರುಸೊತ್ತಿದ್ರೆ ಓದಿ)

ಸರ್, ಎಫ್1 (ಫಾರ್ಮುಲಾ ಒನ್ ಕಾರ್ ರೇಸು) ಬಗ್ಗೆ ನಿಮ್ಮ ಪ್ರಶ್ನೆ ನನಗೆ ಅರ್ಥ ಆಗಿದ್ದು ಇಷ್ಟು: ಹಾಲೋ (ಡ್ರೈವರ್ ತಲೆ ಸುತ್ತ ಇರೋ ಲೋಹದ ಕಮಾನು), ರೆಡ್ ಫ್ಲ್ಯಾಗು (ರೇಸ್ ನಿಲ್ಲಿಸೋ ಸೂಚನೆ), ಮಾತೆತ್ತಿದ್ರೆ ಸೇಫ್ಟಿ ಕಾರು (ಎಲ್ರನ್ನೂ ತನ್ನ ಹಿಂದೆ ನಿಧಾನ ಓಡಿಸೋ ಕಾರು), ಇದೆಲ್ಲ ಬಂದು ರೇಸಲ್ಲಿ ಮಜಾನೇ ಇಲ್ಲ, ಅಪಾಯ ಇಲ್ಲ ಅಂದ್ಮೇಲೆ ನೋಡೋದ್ಯಾಕೆ ಅಂತ. ಕೆಳಗೆ ಕಾಮೆಂಟಲ್ಲಿ ಅರ್ಧ ಜನ ಹೂಂ ಅಂದಿದಾರೆ, ಉಳಿದ ಅರ್ಧ ನಿಮ್ಮನ್ನ ಬೈದಿದಾರೆ. ಕೆಲವು ರೇಸು ಸಪ್ಪೆ ಆಗಿರೋದು ನಿಜಾನೇ, ಅದನ್ನ ಒಪ್ತೀನಿ, ಆದ್ರೆ ಅದಕ್ಕೆ ಕಾರಣ ನೀವು ಹೇಳ್ತಿರೋದಲ್ಲ.

ಮೊದಲು ಹಾಲೋ ವಿಚಾರ ಮುಗಿಸಿಬಿಡೋಣ. 2018ರಲ್ಲಿ ಬಂತು, ಟೈಟಾನಿಯಂದು, ಸುಮಾರು 7 ಕೆಜಿ. ಓವರ್‌ಟೇಕ್‌ಗೂ ಅದಕ್ಕೂ ಸಂಬಂಧಾನೇ ಇಲ್ಲ, ನೋಡೋಕೆ ಚೆಂದ ಇಲ್ಲ ಅಷ್ಟೆ, ಅದೂ ಈಗ ಕಣ್ಣಿಗೆ ಒಗ್ಗಿಹೋಗಿದೆ. ಬೇಡ ಅಂತ ಹೇಳಿದ್ದ ಡ್ರೈವರ್‌ಗಳಲ್ಲಿ ಗ್ರೋಜಾನ್ ಕೂಡ ಒಬ್ಬರು. 2020ರ ಬಹ್ರೇನ್ ರೇಸಿನ ಮೊದಲ ಲ್ಯಾಪಲ್ಲಿ ಅವ್ರ ಕಾರು ಗಂಟೆಗೆ 192 ಕಿಮೀ ವೇಗದಲ್ಲಿ ಸ್ಟೀಲ್ ಬ್ಯಾರಿಯರ್ ಸೀಳ್ಕೊಂಡು ಒಳಗೆ ನುಗ್ಗಿ ಎರಡು ತುಂಡಾಗಿ ಹತ್ಕೊಂಡು ಉರಿದಿದ್ದು ನೆನಪಿರ್ಬೇಕಲ್ವಾ, ತಲೆಗೆ ಬಡೀಬೇಕಿದ್ದ ಆ ಸ್ಟೀಲ್ ಪಟ್ಟಿನ ತಡೆದಿದ್ದು ಹಾಲೋನೇ, ಸುಮಾರು 28 ಸೆಕೆಂಡಿಗೆ ಮನುಷ್ಯ ತಾನೇ ಎದ್ದು ಆಚೆ ಬಂದ್ರು. ಮೆಡಿಕಲ್ ಕಾರು ಅಷ್ಟು ಬೇಗ ಅಲ್ಲಿಗೆ ಹೆಂಗೆ ಬಂತು ಅಂದ್ರೆ, 1978ರಲ್ಲಿ ಇಟಲಿಯ ಮಾಂಜಾ ರೇಸಲ್ಲಿ ಅಪಘಾತ ಆಗಿ ಡ್ರೈವರ್ ರಾನಿ ಪೀಟರ್ಸನ್ ತೀರ್ಕೊಂಡ ಮೇಲೆ ಡಾಕ್ಟರ್ ಸಿಡ್ ವಾಟ್ಕಿನ್ಸ್ ಹಠ ಹಿಡಿದು ಮೊದಲ ಲ್ಯಾಪಲ್ಲಿ ಕಾರುಗಳ ಹಿಂದೇನೇ ಮೆಡಿಕಲ್ ಕಾರು ಓಡಬೇಕು ಅಂತ ಮಾಡಿಸಿದ್ರು. ಇದ್ಯಾವುದೂ ನಿಮ್ಮ ಮಜಾ ಕಿತ್ಕೊಂಡಿಲ್ಲ.

ಮಜಾ ಕಿತ್ಕೊಂಡಿದ್ದು ಕಾರಿನ ಸೈಜು. 2008ರಲ್ಲಿ ಡ್ರೈವರ್ ಸೇರಿ ಕನಿಷ್ಠ ತೂಕ 605 ಕೆಜಿ ಇತ್ತು, 2025ಕ್ಕೆ 800. ಇದಕ್ಕೆಲ್ಲ ಸೇಫ್ಟಿನೇ ಕಾರಣ ಅಂತಾರೆ, ಸ್ವಲ್ಪ ಹೌದು, ಆದ್ರೆ ಹೈಬ್ರಿಡ್ ಎಂಜಿನ್ನು, ಬ್ಯಾಟರಿ, 2017ರಲ್ಲಿ ಅಗಲ ಮಾಡಿದ ಕಾರು ಮತ್ತು ಟೈರು, ಇದ್ರದ್ದೂ ದೊಡ್ಡ ಪಾಲಿದೆ. 2025ರ ತನಕ ಇದ್ದ ಎರಡು ಮೀಟರ್ ಅಗಲದ ಕಾರು ಇಟ್ಕೊಂಡು ಮೊನಾಕೋದ ಕಿರಿದಾದ ಬೀದಿ ಟ್ರ್ಯಾಕಲ್ಲಿ ಯಾರು ಯಾರನ್ನ ದಾಟ್ತಿದ್ರು ಹೇಳಿ? ಇನ್ನೊಂದು, ತೂಕ ಜಾಸ್ತಿ ಆದಷ್ಟೂ ಗೋಡೆಗೆ ಗುದ್ದಿದಾಗ ಪೆಟ್ಟೂ ಜೋರು, ಅಂದ್ರೆ ಇಲ್ಲಿ ಸೇಫ್ಟಿಗೂ ನಷ್ಟ ಮಜಾಗೂ ನಷ್ಟ. 2026ರ ರೂಲ್ಸಲ್ಲಿ ತೂಕ 768ಕ್ಕೆ ಇಳಿಸಿ, ಅಗಲ 10 ಸೆಂಟಿಮೀಟರ್ ಕಮ್ಮಿ ಮಾಡಿ, ಅದೇ ಹೊತ್ತಿಗೆ ಕಾರು ಮಗುಚಿದ್ರೆ ಡ್ರೈವರ್ ತಲೆ ಕಾಯೋ ರೋಲ್ ಹೂಪ್ ಅನ್ನೋ ಕಮಾನು ತಡೀಬೇಕಾದ ಲೋಡನ್ನ 16ಜಿಯಿಂದ 20ಜಿಗೆ (ಜಿ ಅಂದ್ರೆ ಗುರುತ್ವದ ಎಷ್ಟು ಪಟ್ಟು ಅನ್ನೋ ಅಳತೆ) ಏರಿಸಿದಾರೆ. ಎರಡೂ ಒಟ್ಟಿಗೆ ಮಾಡ್ಬೋದು ಅನ್ನೋದಕ್ಕೆ ಇನ್ನೇನು ಬೇಕು.

ಆಮೇಲೆ ರನ್‌ಆಫು, ಅಂದ್ರೆ ಕಾರು ಟ್ರ್ಯಾಕ್ ಬಿಟ್ಟು ಹೋದ್ರೆ ಅಂತ ಪಕ್ಕದಲ್ಲಿ ಬಿಟ್ಟಿರೋ ಜಾಗ. ಇಲ್ಲಿ ನಿಮ್ಮ ಕಡೆ ನಾನೂ ನಿಲ್ತೀನಿ. ಟ್ರ್ಯಾಕಿನ ಆಚೆಗೂ ಟಾರು ಹಾಕಿಟ್ರೆ ಡ್ರೈವರ್ ತಪ್ಪು ಮಾಡಿದ್ರೂ ಏನೂ ಕಳ್ಕೊಳಲ್ಲ, ಸುತ್ತು ಹೊಡ್ಕೊಂಡು ವಾಪಸ್ ಬರ್ತಾನೆ. 2023ರ ಆಸ್ಟ್ರಿಯಾ ರೇಸಲ್ಲಿ ಟ್ರ್ಯಾಕ್ ಅಂಚಿನ ಬಿಳಿ ಗೆರೆ ದಾಟಿರ್ಬೋದು ಅನ್ನೋ ಕೇಸು 1200ಕ್ಕೂ ಮೇಲೆ ಬಂದು, ರೇಸ್ ಮುಗಿದು ಎಷ್ಟೋ ಹೊತ್ತಾದ್ಮೇಲೆ ಪೆನಾಲ್ಟಿ ಹಾಕಿ ರಿಸಲ್ಟೇ ಬದಲಾಯಿಸಿದ್ರು, ಅದಕ್ಕಿಂತ ಬೋರು ಇನ್ನೊಂದಿಲ್ಲ. ಮರುವರ್ಷ ಕೊನೆಯ ಎರಡು ತಿರುವಲ್ಲಿ ಅಂಚಿಗೆ ಒಂದು ಕಿರಿದಾದ ಜಲ್ಲಿ ಪಟ್ಟಿ ಹಾಕಿದ್ರು, ಕಾಟ ಹೆಚ್ಚುಕಮ್ಮಿ ನಿಂತೇ ಹೋಯ್ತು. ಚಕ್ರ ಜಲ್ಲಿಗಿಳಿದ್ರೆ ಟೈಮ್ ಹೋಗತ್ತೆ ಅಂತ ಗೊತ್ತಿದ್ರೆ ಯಾವನೂ ಇಳಿಸಲ್ಲ.

ಹಂಗಂತ ಎಲ್ಲಾ ಕಡೆ ಜಲ್ಲಿ ಸುರೀರಿ ಅನ್ನೋದೂ ದಡ್ಡತನ. 2022ರ ಸಿಲ್ವರ್‌ಸ್ಟೋನಲ್ಲಿ ಝೌ ಗ್ವಾನ್ಯೂ ಕಾರು ತಲೆಕೆಳಗಾಗಿ ಜಾರ್ಕೊಂಡು ಹೋಗಿ, ಜಲ್ಲಿ ದಾಟಿ, ಟೈರ್ ಬ್ಯಾರಿಯರ್ ಮೇಲಿಂದ ಹಾರಿ ಬೇಲಿಗೂ ಬ್ಯಾರಿಯರಿಗೂ ನಡುವೆ ಸಿಕ್ಕಾಕೊಂಡಿತ್ತು. ರೋಲ್ ಹೂಪ್ ಮುರಿದಿತ್ತು, ಉಳಿಸಿದ್ದು ಮತ್ತೆ ಅದೇ ಹಾಲೋ. ಮಗುಚಿದ ಕಾರನ್ನ ಜಲ್ಲಿ ನಿಲ್ಸಲ್ಲ. ಅದಕ್ಕೇ ನನ್ನ ಪ್ರಕಾರ ಆಸ್ಟ್ರಿಯಾ ಮಾಡಿದ್ದೇ ಸರಿ, ಗೆರೆ ಪಕ್ಕ ಸ್ವಲ್ಪ ಜಲ್ಲಿ, ಅದರಾಚೆ ಬ್ರೇಕ್ ಹಿಡಿಯೋಕೆ ಟಾರು, ಕೊನೆಗೆ ಒಳ್ಳೆ ಬ್ಯಾರಿಯರು. ತಪ್ಪಿಗೆ ಪೊಸಿಷನ್ ಹೋಗ್ಲಿ, ಜೀವ ಹೋಗೋದು ಬೇಡ.

ಈಗ ಮಳೆ. ಸೇಫ್ಟಿ ಮತ್ತು ಮಜಾ ನಿಜವಾಗ್ಲೂ ಗುದ್ದಾಡೋದು ಇಲ್ಲೇ. ಎಲ್ರೂ ಗ್ರಿಪ್ ಇಲ್ಲ ಅದಕ್ಕೇ ನಿಲ್ಲಿಸ್ತಾರೆ ಅನ್ಕೊಂಡಿದಾರೆ, ಅಸಲಿ ಕಾರಣ ಮುಂದೇನೂ ಕಾಣದೇ ಇರೋದು. ಪಿರೆಲ್ಲಿ ಕಂಪನಿಯ ಫುಲ್ ವೆಟ್ ಟೈರು (ಜೋರು ಮಳೆಗೆ ಅಂತ ಇರೋದು) ಗಂಟೆಗೆ 300 ಕಿಮೀಯಲ್ಲಿ ಸೆಕೆಂಡಿಗೆ ಸುಮಾರು 85 ಲೀಟರ್ ನೀರು ಎತ್ತಿ ಎಸೆಯತ್ತೆ, ಒಂದೊಂದು ಟೈರು! ಆ ನೀರೆಲ್ಲ ಎಲ್ಲಿ ಹೋಗತ್ತೆ? ಹಿಂದಿನವನ ಮುಖಕ್ಕೆ. ಅದರ ಜೊತೆ ಕಾರಿನ ತಳದ ಡಿಫ್ಯೂಸರ್ (ಹಿಂದುಗಡೆ ಗಾಳಿ ಆಚೆ ಬಿಡೋ ಭಾಗ) ಎತ್ತೋ ನೀರು ಬೇರೆ. ರೂಲ್ಸ್ ಮಾಡೋ ಸಂಸ್ಥೆ ಎಫ್‌ಐಎ 2023ರಲ್ಲಿ ಚಕ್ರದ ಮೇಲೆ ಮಡ್‌ಗಾರ್ಡ್ ಥರ ಕವರ್ ಹಾಕಿ ಟೆಸ್ಟ್ ಮಾಡ್ತು, ಹೇಳ್ಕೊಳ್ಳೋ ಅಷ್ಟು ಪ್ರಯೋಜನ ಆಗ್ಲಿಲ್ಲ. ಅದಕ್ಕೇ ಈ ವಿಚಿತ್ರ ನೋಡಿ, ಫುಲ್ ವೆಟ್ ಟೈರ್ ಬೇಕಾಗೋವಷ್ಟು ಮಳೆ ಬಂದ್ರೆ ರೇಸೇ ನಿಂತಿರತ್ತೆ.

2021ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಲ್ಲಿ ಆಗಿದ್ದು ನೆನೆಸ್ಕೊಂಡ್ರೆ ನಂಗೂ ಮೈ ಉರಿಯತ್ತೆ. ಜನ ಗಂಟೆಗಟ್ಲೆ ನೆನೀತಾ ಕೂತ್ರು, ಸೇಫ್ಟಿ ಕಾರ್ ಹಿಂದೆ ಒಂದೆರಡು ಮೂರು ಲ್ಯಾಪ್ ಸುತ್ತಿಸಿ ಅರ್ಧ ಪಾಯಿಂಟ್ಸ್ ಹಂಚಿ ಮನೆಗೆ ಕಳಿಸಿದ್ರು. ಅಲ್ಲಿ ರೇಸ್ ನಡೆಸದೇ ಇದ್ದಿದ್ದು ತಪ್ಪಲ್ಲ, ನಡೆದಿದೆ ಅಂತ ನಾಟಕ ಮಾಡಿದ್ದು ತಪ್ಪು. ಆಮೇಲೆ ರೂಲ್ ಬದಲಾಯ್ತು, ಸೇಫ್ಟಿ ಕಾರ್ ಇಲ್ದೆ ಕನಿಷ್ಠ ಎರಡು ಲ್ಯಾಪ್ ಓಡಿದ್ರೆ ಮಾತ್ರ ಪಾಯಿಂಟ್ಸು. 2025ರಲ್ಲಿ ಅದೇ ಸ್ಪಾದಲ್ಲಿ ಸುಮಾರು 80 ನಿಮಿಷ ಕಾಯಿಸಿದಾಗ ಅತಿಯಾಯ್ತು ಅಂತ ಚಾಂಪಿಯನ್ ಡ್ರೈವರ್ ವರ್ಸ್ಟಾಪನ್ನೇ ಸಿಟ್ಟಾದ್ರು, ಇರ್ಬೋದು, ಆದ್ರೆ ಎರಡು ವರ್ಷ ಹಿಂದೆ ಅದೇ ಟ್ರ್ಯಾಕಲ್ಲಿ ಮಳೆಯಲ್ಲಿ ಜೂನಿಯರ್ ರೇಸ್ ಓಡಿಸ್ತಿದ್ದ ಡಿಲಾನೋ ವಾನ್ ಟ್ ಹಾಫ್ ಅನ್ನೋ 18ರ ಹುಡುಗ ಸತ್ತಿದ್ದ. ರೇಸ್ ಡೈರೆಕ್ಟರ್ ತಲೆಯಲ್ಲಿ ಅದು ಇರ್ದೇ ಇರತ್ತಾ.

ಕೆಟ್ಟು ನಿಂತ ಕಾರು ಎತ್ತೋ ಕ್ರೇನ್ ಟ್ರ್ಯಾಕ್ಟರ್ ಟ್ರ್ಯಾಕ್ ಮೇಲೆ ಇದ್ದಾಗಂತೂ ಚರ್ಚೇನೇ ಬೇಡ. 2014ರಲ್ಲಿ ಜಪಾನಿನ ಸುಝುಕಾದಲ್ಲಿ ಡ್ರೈವರ್ ಜೂಲ್ ಬಿಯಾಂಕಿ ಗುದ್ದಿದ್ದು ಅಂಥದ್ದಕ್ಕೇ, ಮುಂದಿನ ವರ್ಷ ತೀರ್ಕೊಂಡ್ರು. ವರ್ಚುವಲ್ ಸೇಫ್ಟಿ ಕಾರ್ (ಸೇಫ್ಟಿ ಕಾರು ಬಿಡದೇನೇ ಎಲ್ರೂ ನಿಧಾನ ಓಡಿಸಬೇಕು ಅನ್ನೋ ರೂಲು) ಬಂದಿದ್ದು ಅದಾದ್ಮೇಲೆ. ಅಷ್ಟಾದ್ರೂ 2022ರಲ್ಲಿ ಅದೇ ಸುಝುಕಾದಲ್ಲಿ, ಅಂಥದ್ದೇ ಮಳೆಯಲ್ಲಿ, ಡ್ರೈವರ್ ಗ್ಯಾಸ್ಲಿ ಪಕ್ಕದಲ್ಲೇ ಟ್ರ್ಯಾಕ್ಟರ್ ಇತ್ತು! ರೇಡಿಯೋದಲ್ಲಿ ಅವ್ರು ಕಿರುಚಿದ್ದು ನ್ಯಾಯ. (ರೆಡ್ ಫ್ಲ್ಯಾಗಲ್ಲಿ ಜೋರಾಗಿ ಓಡಿಸಿದ್ದಕ್ಕೆ ಅವ್ರಿಗೂ ಪೆನಾಲ್ಟಿ ಬಿತ್ತು, ಅದು ಬೇರೆ ಕಥೆ.)

ರೂಲ್ ಮಾಡಿ ಮಜಾ ಹುಟ್ಟಿಸ್ತೀವಿ ಅನ್ನೋರ ಬಗ್ಗೆ ಜಾಸ್ತಿ ಬರೆಯಲ್ಲ, 2025ರ ಮೊನಾಕೋದಲ್ಲಿ ಎರಡು ಪಿಟ್ ಸ್ಟಾಪ್ (ಟೈರು ಬದಲಾಯಿಸೋಕೆ ನಿಲ್ಲೋದು) ಕಡ್ಡಾಯ ಮಾಡಿದ್ರು, ಟೀಮುಗಳು ಒಂದು ಕಾರನ್ನ ಬೇಕಂತ ನಿಧಾನ ಓಡಿಸಿ ಹಿಂದಿನೋರನ್ನ ಕಟ್ಟಿಹಾಕಿ ತಮ್ಮ ಇನ್ನೊಂದು ಕಾರಿಗೆ ಗ್ಯಾಪ್ ಮಾಡ್ಕೊಟ್ರು, ಮುಗೀತು.

ಮುಂದಿನ ಸಲ ಮಳೇಲಿ ರೆಡ್ ಫ್ಲ್ಯಾಗ್ ಬಿದ್ದಾಗ ಬೈಯೋ ಮುಂಚೆ ಒಂದು ಕೆಲಸ ಮಾಡಿ ಸರ್. ಲೀಡರ್ ಕಾರಿನ ಮೇಲಿರೋ ಕ್ಯಾಮೆರಾ (ಆನ್‌ಬೋರ್ಡ್) ನೋಡ್ಬೇಡಿ, ಅವ್ರ ಮುಂದೆ ಯಾರೂ ಇರಲ್ಲ, ಟ್ರ್ಯಾಕೆಲ್ಲ ನೀಟಾಗಿ ಕಾಣತ್ತೆ, ಇಷ್ಟಕ್ಕೆ ಯಾಕಪ್ಪಾ ನಿಲ್ಲಿಸಿದ್ರು ಅನ್ಸತ್ತೆ. ಹತ್ತು ಹನ್ನೆರಡನೇ ಜಾಗದಲ್ಲಿರೋ ಕಾರಿನ ಕ್ಯಾಮೆರಾ ಹಾಕಿ, ಮುಂದಿನ ಕಾರಿನ ಕೆಂಪು ಲೈಟು ಎಷ್ಟು ದೂರದ ತನಕ ಕಾಣತ್ತೆ ನೋಡಿ. ಅದು ಆರಾಮಾಗಿ ಕಾಣ್ತಿದ್ದು, ಟ್ರ್ಯಾಕಲ್ಲಿ ಕ್ರೇನ್ ಟ್ರ್ಯಾಕ್ಟರ್ ಯಾವುದೂ ಇಲ್ದೆ ಇನ್ನೂ ಕಾಯಿಸ್ತಿದಾರೆ ಅಂದ್ರೆ ಬೈಯಿರಿ, ನಾನೂ ಜೊತೆಗಿರ್ತೀನಿ.