ಮನೆಯಲ್ಲಿ ಮಾಡಿದ ವಿಟಮಿನ್ ಸಿ ಸೀರಮ್ ವಾರದಲ್ಲೇ ಕಂದಾಗುತ್ತಿದೆ, ಕೆಡದ ಹಾಗೆ ಮಾಡೋದು ಹೇಗೆ?

ಚೀಪುವ ವಿಟಮಿನ್ ಸಿ ಮಾತ್ರೆ ಕುಟ್ಟಿ ಗುಲಾಬಿ ನೀರಲ್ಲಿ ಕಲಸಿದ್ದೆ, ವಾರದಲ್ಲಿ ಚಹಾದ ಬಣ್ಣ ಬಂತು ಅಂತ ಬರೆದಿದ್ದೀರಿ. ಮೊದಲು ಅದನ್ನು ಚೆಲ್ಲಿಬಿಡಿ. ಕಂದಾಯಿತು ಅಂದರೆ ಒಳಗಿನ ವಿಟಮಿನ್ ಗಾಳಿ ತಾಗಿ ಕೆಟ್ಟಿದೆ ಅಂತಲೇ ಅರ್ಥ. ಮಾತ್ರೆ ಮತ್ತೆ ಬಳಸಬೇಡಿ, ಅದರಲ್ಲಿ ಸಕ್ಕರೆ, ಬಣ್ಣ ಎಲ್ಲ ಸೇರಿರುತ್ತದೆ.

ನಾನೂ ನಿಮ್ಮ ಹಾಗೆ ವಿಜಯಪುರದವಳೇ, ಮನೆಯಲ್ಲೇ ಮಾಡಿಕೊಳ್ಳುತ್ತೇನೆ. ಒಂದು ಮಾತು ನೇರವಾಗಿ ಹೇಳುತ್ತೇನೆ: ನೀರಲ್ಲಿ ಕರಗಿಸಿದ ವಿಟಮಿನ್ ಸಿ ತಿಂಗಳುಗಟ್ಟಲೆ ಉಳಿಯುವ ಹಾಗೆ ಮಾಡೋದು ಮನೆಯಲ್ಲಿ ಆಗೋ ಕೆಲಸ ಅಲ್ಲ. ಆದರೆ ಒಣ ಪುಡಿ ಮುಚ್ಚಿಟ್ಟರೆ ಬಹಳ ದಿನ ಛಲೋ ಇರುತ್ತದೆ. ಹಾಗಾಗಿ ಪುಡಿ ಇಟ್ಟುಕೊಳ್ಳಿ, ಸೀರಮ್ ಸ್ವಲ್ಪ ಸ್ವಲ್ಪವೇ ಮಾಡಿ.

20 ಗ್ರಾಂಗೆ ನನ್ನ ಅಳತೆ ಇದು: ಎಲ್-ಆಸ್ಕಾರ್ಬಿಕ್ ಆಸಿಡ್ (ಅಂದರೆ ಶುದ್ಧ ವಿಟಮಿನ್ ಸಿ) ಪುಡಿ 2 ಗ್ರಾಂ, ತೇವ ಹಿಡಿದಿಡುವ ದ್ರವವಾದ ಪ್ರೊಪಿಲಿನ್ ಗ್ಲೈಕಾಲ್ 3 ಗ್ರಾಂ, ಬೂಷ್ಟು, ಬ್ಯಾಕ್ಟೀರಿಯಾ ಬೆಳೆಯದಿರಲು ಫಿನಾಕ್ಸಿಎಥನಾಲ್ 0.2 ಗ್ರಾಂ, ಉಳಿದ 14.8 ಗ್ರಾಂ ನೀರು. ಚಮಚದ ಲೆಕ್ಕ ಬೇಡ, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ತಗೊಳ್ಳಿ. ಇನ್ನು ನೀರಿನ ವಿಷಯ, ಜಾಸ್ತಿ ಜನ ಎಡವೋದು ಇಲ್ಲೇ. ನಮ್ಮ ಕಡೆ ಬೋರ್ ನೀರು ಎಷ್ಟು ಗಡಸು ಅಂತ ನಿಮಗೆ ಗೊತ್ತಲ್ವಾ. ನೀರಲ್ಲಿ ಕಬ್ಬಿಣ, ತಾಮ್ರ ಚೂರೇ ಚೂರು ಇದ್ದರೂ ವಿಟಮಿನ್ ಸಿ ಬೇಗ ಕೆಡುತ್ತದೆ, ಕಾಯಿಸಿ ಆರಿಸಿದರೂ ಅವು ಪೂರ್ತಿ ಹೋಗುವುದಿಲ್ಲ. ಮೆಡಿಕಲ್ ಶಾಪಲ್ಲಿ ಇಂಜೆಕ್ಷನ್‌ಗೆ ಕೊಡುವ ಸ್ಟೆರೈಲ್ ವಾಟರ್ ಕೇಳಿ. ಕಲಸೋದು ಗಾಜಿನಲ್ಲೇ, ತಾಮ್ರದ ತಂಬಿಗೆಯ ನೀರಂತೂ ಬೇಡವೇ ಬೇಡ.

ಕಲಸಿದ ಮೇಲೆ ಪಿಎಚ್ ಪಟ್ಟಿ (ಹುಳಿ ಎಷ್ಟಿದೆ ಅಂತ ತೋರಿಸುವ ಕಾಗದ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಅದ್ದಿ ನೋಡಿ. 2ರ ಹತ್ತಿರ ತೋರಿಸುತ್ತದೆ, ಅಷ್ಟು ಹುಳಿ ಮುಖಕ್ಕೆ ಉರಿ. ಅಡುಗೆ ಸೋಡಾ ಒಂದೊಂದೇ ಚಿಟಿಕೆಯ ತುದಿಯಷ್ಟು ಹಾಕಿ, ನೊರೆ ಇಳಿಯುವವರೆಗೆ ಕಾದು ಮತ್ತೆ ನೋಡುತ್ತ 3ಕ್ಕೆ ತನ್ನಿ. 3.5 ದಾಟಿದರೆ ಚರ್ಮದೊಳಗೆ ಸರಿಯಾಗಿ ಇಳಿಯುವುದಿಲ್ಲ, ಬೇಗನೂ ಕೆಡುತ್ತದೆ.

15% ವಿಟಮಿನ್ ಸಿ, 1% ವಿಟಮಿನ್ ಇ, 0.5% ಫೆರುಲಿಕ್ ಆಸಿಡ್ (ವಿಟಮಿನ್ ಬೇಗ ಕೆಡದಂತೆ ಕಾಯುವ, ಗಿಡಗಳಲ್ಲಿರುವ ವಸ್ತು) ಅನ್ನೋ ಲೆಕ್ಕ ನೀವೂ ಓದಿರಬಹುದು. ಅದು ನಿಜಕ್ಕೂ ಒಳ್ಳೆಯದು, 2005ರ ಸಂಶೋಧನೆಯಲ್ಲಿ ಫೆರುಲಿಕ್ ಸೇರಿಸಿದಾಗ ಬಿಸಿಲಿನ ವಿರುದ್ಧ ಚರ್ಮಕ್ಕೆ ಸಿಗುವ ರಕ್ಷಣೆ ಸುಮಾರು ಎರಡು ಪಟ್ಟಾಗಿತ್ತು. ಆದರೆ ಫೆರುಲಿಕ್ ನೀರಲ್ಲಿ ಸರಿಯಾಗಿ ಕರಗಲ್ಲ, ಫ್ರಿಜ್ಜಿನಲ್ಲಿ ಹರಳುಗಟ್ಟಿ ತಳಕ್ಕೆ ಕೂರುತ್ತದೆ. ವಿಟಮಿನ್ ಇ ಎಣ್ಣೆಯಂಥದ್ದು, ಸುಮ್ನೆ ಮೇಲೆ ತೇಲುತ್ತದೆ. ಶುರುವಿಗೆ ಎರಡನ್ನೂ ಬಿಡಿ.

ಕಂದು ಗಾಜಿನ ಸಣ್ಣ ಬಾಟಲಿಗೆ ಕತ್ತಿನವರೆಗೆ ತುಂಬಿ, ಗಾಳಿಗೆ ಜಾಗ ಕೊಡಬೇಡಿ, ಸೀದಾ ಫ್ರಿಜ್ಜಿಗೆ ಇಡಿ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ, ಹೊರಗಿಟ್ಟರೆ ಕಥೆ ಮುಗೀತು. ಎರಡು ವಾರದೊಳಗೆ ಮುಗಿಸಿ. ತಿಳಿ ಹಳದಿ ಆದರೆ ಪರವಾಗಿಲ್ಲ, ಕಿತ್ತಳೆ ಬಣ್ಣ ಬಂದರೆ ಚೆಲ್ಲಿ.

ಇಂಡಿ ಲಿಂಬೆ ಕೈಗೇ ಸಿಗುತ್ತೆ ಅಂತ ರಸ ಹಿಂಡಬೇಡಿ. 100 ಗ್ರಾಂ ರಸದಲ್ಲಿ ಸುಮಾರು 30ರಿಂದ 50 ಮಿಲಿಗ್ರಾಂ ವಿಟಮಿನ್ ಸಿ ಅಷ್ಟೇ, ಮಿಕ್ಕಿದ್ದು ಬರೀ ಹುಳಿ ಮತ್ತು ನೀರು. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳಬಹುದು.

ಮೊದಲು ಮೊಳಕೈ ಒಳಭಾಗಕ್ಕೆ ಹಚ್ಚಿ ಒಂದು ದಿನ ನೋಡಿ, ಹಗಲಲ್ಲಿ ಸನ್‌ಸ್ಕ್ರೀನ್ ಬಿಡಬೇಡಿ. ಉರಿ ತಡೆಯದಿದ್ದರೆ ವಿಟಮಿನ್ ಸಿಯದೇ ಇನ್ನೊಂದು ರೂಪವಾದ ಎಥಿಲ್ ಆಸ್ಕಾರ್ಬಿಕ್ ಆಸಿಡ್ ಪುಡಿ ತರಿಸಿ, ಅದು ಇಷ್ಟು ಬೇಗ ಕೆಡಲ್ಲ, ಇಷ್ಟು ಹುಳಿಯೂ ಬೇಕಿಲ್ಲ.